ಪೆಟ್ಟಿಗೆಯ ಮೇಲಿನ ಹೆಸರು

ಜೂನ್‌ನಿಂದ ಸಮಾಜ ಪಾಠದ ಹುದ್ದೆ ಖಾಲಿ.
ಕಳಿಸಿದವರಿಗೆ ಕನ್ನಡ ಬಾರದು; ಬಂದು, ಕೂತು,
ಮೂರನೆಯ ದಿನ ವರ್ಗ ಮಾಡಿಸಿಕೊಂಡು ಹೋದರು.
"ಡ್ರಾಯಿಂಗ್ ಪೀರಿಯಡ್ ಹೇಗೂ ನಿಮ್ಮದೇ,
ಒಂಬತ್ತನೆಯವರಿಗೆ ಆ ಪಾಠವನ್ನೂ ಮುಗಿಸಿಬಿಡಿ ಟೀಚರೇ"
ಎಂದರು ಹೆಡ್‌ಮಾಸ್ಟರು,
ಹೂಕುಂಡಕ್ಕೆ ನೀರು ಹಾಕಿಬಿಡಿ ಎಂದ ಹಾಗೆ.

ಅರವತ್ತು ಲಕ್ಷ, ಅಂಕಿಯಲ್ಲಿ ಬರೆದೆ.
ಸೊನ್ನೆಗಳು ಬಾಯಿ ತೆರೆದು ಸಾಲಾಗಿ ನಿಂತವು.
ಮಕ್ಕಳು ಇಳಿಸಿಕೊಂಡರು,
ಸ್ಕೇಲಿಟ್ಟು ಕೆಂಪು ಪೆನ್ನಲ್ಲಿ ಅಡಿಗೆರೆ ಎಳೆದರು.
ಹಿಂದಿನ ಬೆಂಚಿನಿಂದ ಸಿನಾನ್:
"ಟೀಚರ್, ಇದು ಎಷ್ಟು ಮಾರ್ಕಿಗೆ?"

ಮರುವಾರ ಬಣ್ಣ ತಂದೆ.
ಹೆಣ ಬರೆಯಬೇಡಿ, ಎಂದೆ. ಮುಳ್ಳುತಂತಿ ಬೇಡ.
ಆ ಮೀಸೆಯವನಂತೂ ಬೇಡವೇ ಬೇಡ,
ಅವನ ಚಿತ್ರ ಎಲ್ಲರಿಗೂ ಬರುತ್ತದೆ.
ರೈಲು ಹತ್ತುವ ಮುಂಚೆ ಅವರು ಪೆಟ್ಟಿಗೆ ಕಟ್ಟಿದ್ದರು.
ಹೊಸ ಊರು, ಕೆಲಸ ಕೊಡುತ್ತೇವೆ ಎಂದಿದ್ದರು ಸಾಗಿಸಿದವರು;
ಹೆಸರು ದೊಡ್ಡದಾಗಿ ಬರೆಯಿರಿ,
ಪೆಟ್ಟಿಗೆ ಕಳೆದುಹೋದೀತು, ಎಂದಿದ್ದರು.
ಪೆಟ್ಟಿಗೆ ಕಳೆದುಹೋಗಲಿಲ್ಲ.

ಕ್ಲಾಸು ಸುಮ್ಮನಾಯಿತು.
ಉಪ್ಪಳದಲ್ಲಿ ಯಾರ ಅಟ್ಟದಲ್ಲಿಲ್ಲ ಹಸಿರು ಹಗ್ಗ ಬಿಗಿದ,
ಮಾರ್ಕರಿನಲ್ಲಿ ಹೆಸರು, ಫೋನ್ ನಂಬರು ಗೀಚಿದ ಸೂಟ್‌ಕೇಸು?
ನಮ್ಮಲ್ಲಿ ಪೆಟ್ಟಿ, ಎಂದಳು ರಾಹಿಲಾ.
ನಮ್ಮಲ್ಲಿ ಪೆಟ್, ಎಂದಳು ಕೊಂಕಣಿಯ ಜೆಸಿಂತಾ.
ಪೇಟಿ, ಪೇಟಿ, ಎಂದ ಉರ್ದುವಿನವ.
ಆ ಕೊಲೆಗೊಂದು ಪದ ಹುಡುಕಿ ಏಳು ಭಾಷೆಯಲ್ಲೂ ಸೋತವರು
ಪೆಟ್ಟಿಗೆಗೆ ಬಂದಾಗ ಹೆಚ್ಚುಕಡಿಮೆ ಒಂದೇ ಮಾತಾಡಿದೆವು.

ವಾಚನಾಲಯದ ಗೋಡೆ ಕೇಳಲು ಹೋದೆ.
ವಾರ್ಡ್ ಮೆಂಬರ್ ಮೈಮೂನಾ ಬಂಗುಡೆ ಕೊಯ್ಯುತ್ತಿದ್ದರು.
"ಎಂತಕ್ಕೆ ಟೀಚರೇ, ಅಲ್ಲಿಯ ಸಂಕಟ ನಮ್ಮ ಗೋಡೆಗೆ?
ಚರಂಡಿಗೆ ಸ್ಲ್ಯಾಬ್ ಇಲ್ಲ ಇಲ್ಲಿ.
ಮತ್ತೆ, ಈಗ ಟೀವಿಯಲ್ಲಿ ಕಾಣುವುದೇ ಬೇರೆ.
ಊರವರು ಕೇಳಿಯಾರು."
ಕೇಳಲಿ, ಎಂದೆ. ನನ್ನ ಹತ್ತಿರ ಉತ್ತರವಿರಲಿಲ್ಲ.
ಅವರು ಕೈ ತೊಳೆದರು, ತುಂಬ ಹೊತ್ತು.

ಕಮಿಟಿಯಲ್ಲಿ ಏನು ಹೇಳಿದರೋ, ಗೋಡೆ ಸಿಕ್ಕಿತು.
ಶನಿವಾರ ತಾವೇ ಬಂದರು, ತಲೆಯ ಮೇಲೆ ಕಂದು ಸೂಟ್‌ಕೇಸು ಹೊತ್ತು.
ಅಜ್ಮಾನಿನಿಂದ ಬಂದದ್ದು. ತಮ್ಮ ಬರಲಿಲ್ಲ.
"ಇದು ಅದಲ್ಲ, ನನಗೆ ಗೊತ್ತುಂಟು.
ಇವ ಜ್ವರದಲ್ಲಿ ಹೋದವ, ಯಾರೂ ಕೊಂದದ್ದಲ್ಲ.
ಅಕ್ಷರದ ಅಳತೆಗೆ ಇಟ್ಟುಕೊಳ್ಳಿ, ಅಷ್ಟೆ."

ಇಪ್ಪತ್ತಮೂರು ಮಕ್ಕಳು, ಇಪ್ಪತ್ತಮೂರು ಪೆಟ್ಟಿಗೆ.
ಹಾನಾ. ಇಝಾಕ್. ಮಿರಿಯಂ.
ಹೇಗೆ ಉಚ್ಚರಿಸುವುದೋ ತಿಳಿಯದ ಇನ್ನೊಂದು,
ಒತ್ತಕ್ಷರದ ಕೆಳಗೆ ಒತ್ತಕ್ಷರ.
ರಾಹೆಲ್ ಎಂದು ಬರೆಯುವವಳು ರಾಹಿಲಾ.
ಎತ್ವದ ಬದಲು ಗುಡಿಸು ಕೊಟ್ಟಳು;
ಅರ್ಧ ತನ್ನದೇ ಹೆಸರಾಗಿ ನಿಂತದ್ದನ್ನು
ನೋಡಿದಳು, ಆಮೇಲೆ ಬಟ್ಟೆಯಿಂದ ಒರೆಸಿದಳು.

ನಾಲ್ಕಕ್ಕೆ ಗೂಡ್ಸ್ ಬಂತು.
ದಿನಾ ಡಬ್ಬಿ ಎಣಿಸುವವರು ಬ್ರಷ್ ಹಿಡಿದು ನಿಂತರು.
ಸಿನಾನ್ ಮಾತ್ರ ಎಣಿಸಿದ, ಹನ್ನೊಂದರ ತನಕ, ಮೆಲ್ಲಗೆ;
ರೈಲು ಇನ್ನೂ ಹೋಗುತ್ತಲೇ ಇತ್ತು.
"ಟೀಚರ್, ಗೋಡೆ ಮುಗಿಯಿತು" ಎಂದ.

ಉದ್ಘಾಟನೆ ಮಾಡಲಿಲ್ಲ. ಬಂದವರು ಬಂದರು.
ಒಬ್ಬರು ಉಗಿದು ಹೋದರು, ಗೋಡೆಗಲ್ಲ, ಬದಿಗೆ.
ಇನ್ನೊಬ್ಬರು ಬೆರಳಿಟ್ಟು ಕೂಡಿಸಿ ಓದಿದರು.
ಚರಂಡಿಗೆ ಸ್ಲ್ಯಾಬ್ ಬಂದಿಲ್ಲ ಇನ್ನೂ.
ಹೆಸರು ಓದಬೇಕೆಂದರೆ
ಹಾರಿಯೇ ದಾಟಬೇಕು.